ಹಲ್ಲುದೆವ್ವದ ಪೆಟ್ಟಿಗೆಗೆ ಬಿದ್ದ ಬೀಗ

ನಿಮಗೆ ಯಾವಾಗ್ಲಾದ್ರೂ ಹಿಂಗಾಗಿದೆಯಾ ಹೇಳಿ. ಒಂದು ಬಾಗಿಲು ಕಾಯಿ ಅಂತ ನಿಮ್ಮನ್ನ ನಿಲ್ಲಿಸಿರ್ತಾರೆ. ನೀವೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿರ್ತೀರ. ಬಂದೋರ್ನೆಲ್ಲ ಅನುಮಾನದಿಂದ ನೋಡ್ತೀರ, ಜೊತೇಲಿ ಊಟ ಮಾಡಿದೋನ ಜೇಬೂ ತಡವ್ತೀರ. ಆಮೇಲೆ ನೋಡಿದ್ರೆ, ಬರಬಾರದ್ದು ಆಗ್ಲೇ ಒಳಗೆ ಬಂದು ಕೂತಿರುತ್ತೆ. ಅದೂ ನೀವೇ "ಬನ್ನಿ ಅಣ್ಣ, ಬನ್ನಿ" ಅಂತ ದಾರಿ ಬಿಟ್ಟ ಕಡೆಯಿಂದ.

ನನಗೆ ಆಗಿದೆ. ತೊಂಬತ್ತರ ದಶಕ ಶುರುವಾಗಿದ್ದ ಕಾಲ, ಕ್ಯಾಸೆಟ್ ಅಂಗಡಿ ಮುಂದೆ ಹುಡುಗ್ರು ಗುಂಪು ಕಟ್ಕೊಂಡು ನಿಲ್ತಿದ್ದ ಕಾಲ. ನಾನು ದೇವನಹಳ್ಳಿಯೋನು. ಮನೇಲಿ ದ್ರಾಕ್ಷಿ ತೋಟ, ನನ್ನ ತಲೇಲಿ ಸಿನಿಮಾ. ಒಂದು ಪಿಚ್ಚರ್ ಕಂಪನೀಲಿ ಲೊಕೇಶನ್ ನೋಡ್ಕೊಳ್ಳೋ ಕೆಲಸ ಸಿಕ್ಕಿತ್ತು. ಅಂದ್ರೆ ಮನೆ ಹುಡುಕೋದು, ಮನೆಯವರನ್ನ ಒಪ್ಪಿಸೋದು, ಶೂಟಿಂಗ್ ಮುಗಿಯೋವರೆಗೂ ಅವರ ಹತ್ರ ಬೈಸ್ಕೊಳ್ಳೋದು.

ಪಿಚ್ಚರ್ ಹೆಸರು ಬೇಡ ಬಿಡಿ. ಇಬ್ಬರು ಹುಡುಗೀರು, ಪಾಪ್ ಹಾಡಿನ ಕ್ಯಾಸೆಟ್ ಮಾಡಿ ಹೆಸರಾಗಿದ್ದೋರು, ಪಿಚ್ಚರಲ್ಲೂ ಹಾಡೋ ಹುಡುಗೀರೇ. ಪ್ರೋಗ್ರಾಮ್ ಕೊಡೋಕೆ ಅಂತ ಒಂದು ಹಳೇ ಬಂಗಲೆಗೆ ಬರ್ತಾರೆ. ಅಲ್ಲಿ ರಕ್ತ ಕುಡಿಯೋ ದೆವ್ವ. ಕೋರೆಹಲ್ಲು, ಕಪ್ಪು ನಿಲುವಂಗಿ, ಹಗಲೆಲ್ಲ ಒಂದು ಮರದ ಪೆಟ್ಟಿಗೇಲಿ ಮಲಗಿರುತ್ತೆ. ಅದು ಒಬ್ಬಳನ್ನ ಕಚ್ಚಿ ಅವಳನ್ನೂ ದೆವ್ವ ಮಾಡುತ್ತೆ. ಇನ್ನೊಬ್ಬಳು ಕರಾಟೆ ಹೊಡೆದು ಗೆಳತೀನ ಬಿಡಿಸ್ಕೊಂಡು ಬರ್ತಾಳೆ. ಮಧ್ಯ ಮಧ್ಯ ಕಾಮಿಡಿ, ಹಾಡು. ನಮ್ಮ ಕಡೆ ದೆವ್ವ ಅಂದ್ರೆ ಹುಣಸೆಮರ, ಬಿಳಿ ಸೀರೆ. ಈ ದೆವ್ವ ಬೆಳ್ಳುಳ್ಳಿ ಕಂಡ್ರೆ ಓಡುತ್ತೆ. ಶೂಟಿಂಗ್ ಮಾಡಿದ ಊರಲ್ಲಿ ಈ ಕಥೆ ಹೇಳಿದಾಗ ಕಟ್ಟೆ ಮೇಲೆ ಕೂತಿದ್ದ ತಾತ ಒಬ್ರು, "ಹಂಗಾದ್ರೆ ನಮ್ಮನೆ ಬೆಳ್ಳುಳ್ಳಿ ಉಪ್ಸಾರಿಗೇ ಸತ್ತೋಗುತ್ತೆ ಬಿಡಪ್ಪಾ" ಅಂದ್ರು. ಅವತ್ತಿಂದ ಊರವರು ಅದಕ್ಕೆ ಹಲ್ಲುದೆವ್ವ ಅಂತಲೇ ಹೆಸರಿಟ್ಟುಬಿಟ್ರು.

ಆ ಊರು ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರದ ಹತ್ರ. ರೇಷ್ಮೆ ಸೀಮೆ. ಬಂಗಲೆ ಒಳಭಾಗಕ್ಕೆ ಎತ್ತರದ ಹಂಚಿನ ಮಾಡು ಇರೋ ಉದ್ದ ಹಜಾರ ಬೇಕಿತ್ತು. ಅಂಥದ್ದು ಒಂದಿದೆ ಅಂತ ಕರ್ಕೊಂಡು ಹೋಗಿ ತೋರಿಸಿದ್ದು ಆ ಮನೆಯ ಕಿರಿಮಗ. ಅವನಿಗೆ ವಿಜಯಪುರದಲ್ಲಿ ಸ್ವಂತ ಚರಕ ಇತ್ತು, ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚೋ ಕೆಲಸ. ನಗುಮುಖ, ಮಾತಿಗೆ ಮುಂಚೆ ಹೆಗಲ ಮೇಲೆ ಕೈ ಹಾಕೋನು. "ತಗೋ ಗುರು, ಅರಮನೆ ಇದ್ದಂಗಿದೆ. ಖಾಲಿ ಬಿದ್ದಿದೆ" ಅಂದ.

ಖಾಲಿ ಇದ್ದಿದ್ದು ಅರ್ಧ ಮಾತ್ರ. ಅದು ಹುಳ ಸಾಕೋ ಮನೆ. ಮಧ್ಯ ಒಂದು ಗೋಡೆ. ಮುಂದಿನ ಭಾಗ ಖಾಲಿ, ಹಿಂದಿನ ಭಾಗದಲ್ಲಿ ಅವನ ಅತ್ತಿಗೆ ಹುಳ ಮೇಯಿಸ್ತಿದ್ರು. ಅವರ ಗಂಡನಿಗೆ ಬಾಶೆಟ್ಟಿಹಳ್ಳೀಲಿ ಫ್ಯಾಕ್ಟರಿ ಕೆಲಸ, ಶಿಫ್ಟ್ ಮುಗಿಸಿ ಬಂದು ಮಲಗೋದಷ್ಟೇ. ಹುಳದ ಮನೆ ಪೂರ್ತಿ ಆಯಮ್ಮಂದೇ. ನಾನು ಅಕ್ಕ ಅಂತಿದ್ದೆ. ಇಲ್ಲೂ ಅಕ್ಕ ಅಂತಲೇ ಬರೀತೀನಿ.

ಅಕ್ಕ ನನ್ನ ಕೂರು ಅಂತಲೂ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಬಾಗಿಲಲ್ಲೇ ನಿಂತು ಹೇಳಿದ್ರು.

"ನಮ್ಮತ್ತೆ ಹೂಂ ಅಂದವ್ರೆ, ಅದಕ್ಕೆ ಬಿಡ್ತಿದ್ದೀನಿ. ಹಿಂದಿನ ಎರಡು ಬೆಳೆ ಕೈಕೊಟ್ಟವೆ. ಈ ಬೆಳೆಯೂ ಹೋದ್ರೆ ಹುಳದ ಮನೆ ಖಾಲಿ ಮಾಡ್ಸಿ ಅಲ್ಲಿ ಚರಕ ಹಾಕ್ತೀನಿ ಅಂತ ನನ್ನ ಮೈದುನ ಕಾಯ್ತಾ ಕೂತವ್ನೆ. ಅತ್ತೇನೂ ಒಪ್ಪವ್ರೆ. ಆಮೇಲೆ ನಾನು ಇನ್ನೊಬ್ರ ಚರಕದ ಮುಂದೆ ಕೂತು ಬಿಸಿನೀರಲ್ಲಿ ಕೈ ಅದ್ದಬೇಕು. ಅರ್ಥ ಆಯ್ತಾ?"

"ಆಯ್ತಕ್ಕ."

"ಬೀಡಿ ಸಿಗರೇಟು ಸೇದಂಗಿಲ್ಲ. ಸೆಂಟು ಹಾಕಂಗಿಲ್ಲ. ಊದುಬತ್ತಿ, ಸೊಳ್ಳೆಬತ್ತಿ, ಸಾಂಬ್ರಾಣಿ, ಸೀಮೆಎಣ್ಣೆ ಯಾವ್ದೂ ಬರಂಗಿಲ್ಲ. ವಾಸ್ನೆಗೆ ಹುಳ ಸೊಪ್ಪು ತಿನ್ನೋದು ಬಿಡ್ತವೆ. ಹಿಂದಿನ ಬಾಗಿಲ ಹತ್ರ ಒಬ್ರೂ ಸುಳೀಬಾರ್ದು. ಆ ಪರದೆ ಬಾಗಿಲು ಇರೋದು ಉಜಿ ನೊಣಕ್ಕೆ. ಅದು ಹುಳದ ಮೈಮೇಲೆ ಮೊಟ್ಟೆ ಇಟ್ರೆ, ಮರಿ ಒಳಗೇ ಹೊಕ್ಕಂಡು ಹುಳಾನ ತಿಂದು ಹಾಕುತ್ತೆ. ನೀನು ಮಾತು ಕೊಡ್ತೀಯಾ?"

ಕೊಟ್ಟೆ. ಆಯಮ್ಮ ನಂಬಿದಂಗೆ ಕಾಣಲಿಲ್ಲ. ಹೊಸ್ತಿಲಿಗೆ ಒಂದು ಮಂಕರಿ ಸುಣ್ಣದ ಪುಡಿ ಸುರಿದು, ಅಂಗೈಯಲ್ಲಿ ಸವರಿ ಸಮ ಮಾಡಿ, ಒಳಗೆ ಹೋಗಿ ಪರದೆ ಎಳ್ಕೊಂಡ್ರು.

ಅಲ್ಲಿಂದ ನನ್ನ ಕೆಲಸ ಮೂಸೋದಾಯ್ತು. ನಿಜವಾಗ್ಲೂ. ಬೆಳಗ್ಗೆ ಯೂನಿಟ್ ವ್ಯಾನ್ ಬಂದ್ರೆ ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೂಸಿ ಬಿಡ್ತಿದ್ದೆ. ಲೈಟ್‌ನೋರ ಕಿವಿ ಮೇಲಿನ ಬೀಡಿ ತೆಗೆಸ್ತಿದ್ದೆ. ಮೇಕಪ್‌ನವರ ಪೆಟ್ಟಿಗೆ ತೆಗೆಸಿ ಬಾಟಲಿ ಬಾಟಲಿ ನೋಡ್ತಿದ್ದೆ. ಯಾರನ್ನ ಕಂಡ್ರೂ ಏನೋ ಬಚ್ಚಿಟ್ಟವ್ರೆ ಅಂತಲೇ ಅನ್ನಿಸೋದು. ಅನ್ನಿಸಿದ್ದು ಅರ್ಧ ಸಲ ನಿಜವೂ ಆಗಿರ್ತಿತ್ತು.

ಸಿಂಗರ್ ಹುಡುಗೀರಲ್ಲಿ ಒಬ್ಬಳಿಗೆ ಬಾಬ್‌ಕಟ್, ಇನ್ನೊಬ್ಬಳಿಗೆ ಮೊಣಕಾಲುವರೆಗೂ ಜಡೆ. ಕ್ಯಾಸೆಟ್ ಕವರ್ ಮೇಲೆ ಇಬ್ಬರೂ ಕೆನ್ನೆಗೆ ಕೆನ್ನೆ ಒತ್ಕೊಂಡು ನಿಂತಿರ್ತಾರೆ. ಇಲ್ಲಿ ಒಬ್ಬಳ ಮೇಲೆ ಒಬ್ಬಳಿಗೆ ನಂಬಿಕೆ ಇಲ್ಲ. ಡೈರೆಕ್ಟರ್ ಬಾಬ್‌ಕಟ್ ಹತ್ರ ಸ್ವಲ್ಪ ಹೊತ್ತು ಮಾತಾಡಿದ್ರೆ ಉದ್ದಜಡೆ ಬಂದು ನನ್ನ ಕೇಳೋಳು, "ಏನ್ರೀ ಮ್ಯಾನೇಜರೇ, ಅವಳಿಗೆ ಇನ್ನೊಂದು ಫೈಟ್ ಜಾಸ್ತಿ ಮಾಡಿದ್ರಾ?"

ಮೊದಲ ದಿನ ಬಾಬ್‌ಕಟ್ ನನ್ನ ಮುಂದೆ ಕೈ ಚಾಚಿ ನಿಂತ್ಲು.

"ಮೂಸಿ. ನಮ್ಮಮ್ಮ ಕೂಡ ಹಿಂಗೆ ಚೆಕ್ ಮಾಡ್ತಿರ್ಲಿಲ್ಲ."

"ಬ್ಯಾಗಲ್ಲಿ ಏನಿದೆ ಮೇಡಂ?"

"ಹಲ್ಲು. ಅವಳ ದೆವ್ವದ ವೇಷಕ್ಕೆ."

"ಕೆಳಗೆ?"

ಕೆಳಗೆ ಸೆಂಟ್ ಬಾಟಲಿ ಇತ್ತು. ಕಿತ್ಕೊಂಡು ಪಕ್ಕದ ಮನೆಯ ತುಳಸಿಕಟ್ಟೆ ಮೇಲೆ ಇಟ್ಟು ಬಂದೆ. ಆಮೇಲೆ ಅವಳು ಸೋಪು ಕೂಡ ಬಿಟ್ಟು ಬರೋಕೆ ಶುರು ಮಾಡಿದ್ಲು. ಉದ್ದಜಡೆ ಅವಳ ಪಕ್ಕ ನಿಲ್ಲೋಕೆ ಮೂಗು ಮುರೀತಿದ್ಲು.

ಗಲಾಟೆ ಎದ್ದಿದ್ದು ಬೆಳ್ಳುಳ್ಳಿಗೆ. ಬಂಗಲೆ ತುಂಬ ಬೆಳ್ಳುಳ್ಳಿ ಹಾರ ನೇತಾಕಬೇಕು, ಕ್ಲೈಮ್ಯಾಕ್ಸಲ್ಲಿ ಬಾಬ್‌ಕಟ್ ಅದನ್ನ ಬೀಸಿ ದೆವ್ವಕ್ಕೆ ಬಾರಿಸ್ತಾಳೆ ಅಂತ ಕಥೇಲಿತ್ತು. ಸೆಟ್ ಹಾಕೋ ಮೇಷ್ಟ್ರು ಎರಡು ಮೂಟೆ ಬೆಳ್ಳುಳ್ಳಿ ತರಿಸಿದ್ರು. ಮೂಟೆ ಇಳಿಸೋಕೆ ಮುಂಚೆ ಹಿಂದಿನ ಕಡೆಯಿಂದ ಅಕ್ಕನ ದನಿ ಬಂತು. "ಏನದು ವಾಸ್ನೆ?" ನಾನು ಮೂಟೆ ವಾಪಸ್ ವ್ಯಾನಿಗೆ ಹಾಕಿಸ್ದೆ. ಮೇಷ್ಟ್ರು ತಲೆ ಚಚ್ಕೊಂಡ್ರು. "ಬೆಳ್ಳುಳ್ಳಿ ಇಲ್ದೆ ಈ ದೆವ್ವ ಏನಕ್ಕೆ ಸಾಯ್ಬೇಕು? ನಿನ್ನ ಮುಖ ನೋಡಿನಾ?" ಜೇಡರ ಬಲೆ ಮಾಡೋಕೆ ಅವರು ರಬ್ಬರ್ ಸೊಲ್ಯೂಷನ್ ಕೂಡ ತಂದಿದ್ರು. ಪೆಟ್ರೋಲ್ ವಾಸನೆ ಬಡೀತಿತ್ತು. ಅದೂ ವಾಪಸ್.

ಆ ಹೊತ್ತಿಗೆ ಸರಿಯಾಗಿ ಬಂದ ಅಕ್ಕನ ಮೈದುನ. ಹೆಗಲ ಮೇಲೆ ಕೈ ಹಾಕಿ, "ಇಷ್ಟಕ್ಕೆ ತಲೆ ಕೆಡಿಸ್ಕೋತೀರಾ?" ಅಂದ. ಸಾಯಂಕಾಲದ ಹೊತ್ತಿಗೆ ಅವನ ಚರಕದಿಂದ ಐದಾರು ಚೀಲ ಬಂತು. ನೂಲು ಬಿಚ್ಚಿ ಉಳಿದ ರೇಷ್ಮೆ ವೇಸ್ಟು, ಜೊತೆಗೆ ತೂತು ಬಿದ್ದ ಬಿಳೀ ಗೂಡು. ತೂತು ಬಿದ್ದ ಗೂಡಲ್ಲಿ ನೂಲು ಎಳೆ ತುಂಡಾಗುತ್ತೆ, ಬಿಚ್ಚೋಕಾಗಲ್ಲ, ಬಿಸಾಕ್ತಾರೆ.

ಮೇಷ್ಟ್ರ ಕೈಗೆ ಅದು ಸಿಕ್ಕಿದ್ದೇ ತಡ, ಬೇರೆ ಮನುಷ್ಯನೇ ಆಗ್ಬಿಟ್ರು. ವೇಸ್ಟ್ ರೇಷ್ಮೆಯನ್ನ ಬೆರಳಲ್ಲಿ ಎಳೆದೆಳೆದು ಮಾಡಿನ ಮೂಲೆ ಮೂಲೆಗೆ ಹಬ್ಬಿಸಿದ್ರು. ನಾಲ್ಕೈದು ಗೂಡು ಸೇರಿಸಿ ತೆಳ್ಳನೆ ಬಟ್ಟೇಲಿ ಸುತ್ತಿ ಮೇಲೆ ಬಿಗಿದ್ರೆ ಥೇಟು ಬೆಳ್ಳುಳ್ಳಿ ಗಡ್ಡೆ. ಹಾರಗಟ್ಟಲೆ ಕಟ್ಟಿದ್ರು. ನಾನು ಒಂದು ಗಡ್ಡೆ ಮೂಸಿ ನೋಡ್ದೆ. ಸ್ವಲ್ಪ ಒಣಮೀನಿನ ವಾಸನೆ, ಅಷ್ಟೆ. ಅದು ರೇಷ್ಮೆ ವಾಸನೆ ತಾನೇ, ಹುಳಕ್ಕೆ ಏನಾಗುತ್ತೆ ಅಂದ್ಕೊಂಡೆ. ನಾನು ದ್ರಾಕ್ಷಿ ತೋಟದೋನು. ನನಗೇನು ಗೊತ್ತು.

ಅಕ್ಕ ಮುಂದಿನ ಭಾಗಕ್ಕೆ ಕಾಲಿಡ್ತಿರ್ಲಿಲ್ಲ. ಹುಳ ಇರೋವಾಗ ಹತ್ತು ಜನ ಓಡಾಡೋ ಜಾಗ ತುಳಿದು ಒಳಗೆ ಹೋಗಬಾರದು ಅನ್ನೋದು ಅವರ ನೇಮ. ಹಂಗಾಗಿ ಆಯಮ್ಮ ಸೆಟ್ ನೋಡಲೇ ಇಲ್ಲ.

ಶೂಟಿಂಗ್ ಶುರುವಾಯ್ತು. ಕಿಟಕಿಗೆಲ್ಲ ಕಪ್ಪು ಬಟ್ಟೆ ಬಡಿದು ಹಗಲಲ್ಲೇ ರಾತ್ರಿ ಮಾಡ್ತಿದ್ವಿ. ಮಧ್ಯದಲ್ಲಿ ಸಿಂಗರ್ಸ್‌ಗೆ ಬೆಂಗಳೂರಲ್ಲಿ ಪ್ರೋಗ್ರಾಮ್ ಅಂತ ಒಂದು ವಾರ ಬ್ರೇಕ್. ವಾಪಸ್ ಬಂದ ಮೇಲೆ ಉದ್ದಜಡೆ ದೆವ್ವ ಆಗಿ ಪೆಟ್ಟಿಗೆಯಿಂದ ಏಳೋ ಶಾಟ್. ಅವಳು ಮಲಗ್ತಾಳೆ, ಎದ್ದು ಕೂರ್ತಾಳೆ. ಮಲಗ್ತಾಳೆ, ಎದ್ದು ಕೂರ್ತಾಳೆ.

"ಸರ್, ಬೆನ್ನಿಗೆ ಏನೋ ಕಾಳು ಚುಚ್ಚುತ್ತೆ."

"ದೆವ್ವಕ್ಕೆ ಚುಚ್ಚಲ್ಲಮ್ಮ, ಮಲಗು" ಅಂದ್ರು ಡೈರೆಕ್ಟರ್.

"ಇವಳೇ ಹಾಕಿರ್ತಾಳೆ" ಅಂತ ಬಾಬ್‌ಕಟ್ ಕಡೆ ಕೈ ತೋರಿಸಿದ್ಲು.

"ಹೌದು ಕಣೇ, ನಿನಗೆ ಅಂತ ಹುರಿಗಡ್ಲೆ ತಂದಿದ್ದೆ" ಅಂದ್ಲು ಬಾಬ್‌ಕಟ್.

ಮೇಷ್ಟ್ರು ಪೆಟ್ಟಿಗೆ ಕೊಡವಿದ್ರು. ಕೆಂಪು ಮಿಶ್ರ ಕಂದು ಬಣ್ಣದ, ಉದ್ದಗಿನ ಕಾಳಿನ ಥರದ್ದು ನಾಲ್ಕೈದು ಉದುರಿದವು. ಇಲಿ ಹಿಕ್ಕೆ ಇರಬೇಕು ಅಂತ ಕಾಲಲ್ಲಿ ಅತ್ತ ತಳ್ಳಿದ್ರು. ಆವತ್ತು ಮಧ್ಯಾಹ್ನದ ಶಾಟಲ್ಲಿ ದೊಡ್ಡ ದೆವ್ವದ ಮೂಗಿನ ಮೇಲೆ ಒಂದು ನೊಣ ಕೂತು ಮೂರು ಟೇಕ್ ಹಾಳು ಮಾಡ್ತು. ಮನೆನೊಣಕ್ಕಿಂತ ದಪ್ಪ, ಬೆನ್ನ ಮೇಲೆ ಕಪ್ಪು ಪಟ್ಟೆ. ಊಟದ ಎಲೆ ದೂರ ಹಾಕಿಸ್ಲಿಲ್ಲ ಅಂತ ಡೈರೆಕ್ಟರ್ ನನಗೇ ಬೈದ್ರು. ನಾನು ಅಡುಗೆಯವರಿಗೆ ಬೈದೆ.

ಎರಡು ದಿನ ಆಗಿತ್ತೋ ಏನೋ, ಬೆಳಗ್ಗೆ ಅಕ್ಕ ಕರೆದ್ರು. ದನಿ ಇಳಿದಿತ್ತು. "ಕಾಲು ತೊಳ್ಕೊಂಡು, ಸುಣ್ಣ ತುಳಿದು ಒಳಗೆ ಬಾ."

ಮೊದಲ ಸಲ ಹಿಂದಿನ ಭಾಗಕ್ಕೆ ಹೋಗಿದ್ದು. ಹುಳ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ಹಂಚಿನ ಮೇಲೆ ತುಂತುರು ಬಿದ್ದಂಗೆ. ನಾಲ್ಕನೇ ಜ್ವರ ಎದ್ದಿದ್ವು. ಹುಳ ಪೊರೆ ಬಿಡೋಕೆ ಸೊಪ್ಪು ಮುಟ್ಟದೆ ಸುಮ್ನೆ ಕೂರೋದಕ್ಕೆ ಅಲ್ಲಿ ಜ್ವರ ಅಂತಾರೆ. ನಾಲ್ಕು ಜ್ವರ ದಾಟಿದ್ಮೇಲೆ ಇನ್ನೊಂದು ವಾರ ಮೇಯಿಸಿದ್ರೆ ಗೂಡು ಕಟ್ಟುತ್ತೆ. ಬೆಳೆ ಕೈಗೆ ಬಂದಂಗೆ ಲೆಕ್ಕ.

ಅಕ್ಕ ಒಂದು ಹುಳ ಅಂಗೈ ಮೇಲೆ ಇಟ್ಕೊಂಡು ಬೆಳಕಿಗೆ ಹಿಡಿದ್ರು. ಮೈಮೇಲೆ ಸಾಸಿವೇಲಿ ಅರ್ಧದಷ್ಟು ಬಿಳೀ ಚುಕ್ಕೆ. ಇನ್ನೊಂದು ಹುಳದ ಮೈಮೇಲೆ ಎರಡು. ಮತ್ತೊಂದರ ಮೇಲೆ ಆಗ್ಲೇ ಕರ್ರಗಾಗಿದ್ದ ಕಲೆ.

"ಉಜಿ" ಅಂದ್ರು. "ನನ್ನ ಪರದೇಲಿ ಸೂಜಿಯಷ್ಟು ತೂತಿಲ್ಲ. ಯಾರೋ ಬಾಗಿಲು ತೆಗೆದವ್ರೆ. ನಿಮ್ಮೋರೇ ಯಾರೋ."

"ನಾನು ಕಾಯ್ತಿದ್ದೀನಿ ಅಕ್ಕ."

"ನೀನೇ ಯಾಕಾಗಿರಬಾರ್ದು?"

ನಾನು ಹೊರಗೆ ಬಂದೆ.

ಅವತ್ತಿನ ದಿನ ಹೆಂಗಿತ್ತು ಅಂದ್ರೆ, ಎಲ್ಲರ ಕಣ್ಣೂ ಎಲ್ಲರ ಮೇಲೆ. ಊರವರು ದೆವ್ವದ ಪಿಚ್ಚರ್ ತೆಗೆದಿದ್ದಕ್ಕೇ ಹಿಂಗಾಗಿದ್ದು ಅಂದ್ರು. ಡೈರೆಕ್ಟರ್ ನನ್ನ ಪಕ್ಕಕ್ಕೆ ಕರೆದು, "ನೋಡು, ಇದೆಲ್ಲ ನಾಟಕ. ನಮ್ಮ ಮೇಲೆ ಹಾಕೋಕೆ ನೋಡ್ತಿದ್ದಾರೆ. ನೀನು ಮೆತ್ತಗಾಗಬೇಡ" ಅಂದ್ರು. ಮೈದುನ ಬಂದ, ಜಗಲಿ ಮೇಲೆ ಅವರಮ್ಮನ ಪಕ್ಕ ಕೂತು ಎಲೆ ಅಡಿಕೆ ಹಾಕ್ಕೊಂಡ. "ಅತ್ತಿಗೆ ಕೈಗೆ ಹುಳ ಹತ್ತಲ್ಲ ಅಂತ ನಾನು ಮೊದ್ಲಿಂದ ಹೇಳ್ತಾನೇ ಇದೀನಮ್ಮ" ಅಂದ. ಮುದುಕಮ್ಮ ತಮ್ಮ ಎಲೆಗೆ ಸುಣ್ಣ ಸವರ್ಕೊಂಡ್ರು. ಗೋಡೆ ಆ ಕಡೆ ಅಕ್ಕ ಕೇಳಿಸ್ಕೊಳ್ತಿದ್ರು ಅಂತ ನನಗೆ ಗೊತ್ತು.

ನಾನು ಒಂದು ಕೆಲಸ ಮಾಡ್ದೆ. ಹೊಸ್ತಿಲಿನ ಸುಣ್ಣದ ಪುಡಿ ಹೊಸದಾಗಿ ಸುರಿದು ನುಣ್ಣಗೆ ಸವರಿದೆ. ಯಾರು ದಾಟಿದ್ರೂ ಹೆಜ್ಜೆ ಬೀಳಬೇಕು. ದಿನವಿಡೀ ಒಂದು ಕಣ್ಣು ಅದರ ಮೇಲೇ. ಅಕ್ಕನ ಬರಿಗಾಲಿನ ಗುರುತು ಬಿಟ್ರೆ ಬೇರೆ ಒಂದು ಹೆಜ್ಜೆ ಇಲ್ಲ. ಮಾರನೇ ದಿನವೂ ಇಲ್ಲ. ಆದ್ರೆ ಹುಳದ ಮೇಲೆ ಬಿಳೀ ಚುಕ್ಕೆ ಮಾತ್ರ ಜಾಸ್ತಿ ಆಗ್ತಿತ್ತು. ಬಾಗಿಲಿಂದ ಬರ್ತಿಲ್ಲ ಅಂದ್ಮೇಲೆ ಎಲ್ಲಿಂದ?

ತಲೆ ಎತ್ತಿ ನೋಡಿದೆ. ಮಧ್ಯದ ಗೋಡೆ ಮಾಡಿನವರೆಗೂ ಇರ್ಲಿಲ್ಲ. ಮೇಲೆ ಒಂದು ಮೊಳ ಸಂದು. ಎರಡು ಕಡೆಯೂ ತಮ್ಮದೇ ಹುಳದ ಮನೆ ಆಗಿದ್ದಕ್ಕೆ ಅಕ್ಕ ಅಲ್ಲಿ ಪರದೆ ಹಾಕಿರ್ಲಿಲ್ಲ. ಹಂಗಾದ್ರೆ ನೊಣ ನಮ್ಮ ಸೆಟ್ ಒಳಗಿಂದ್ಲೇ ಹೋಗ್ತಿದೆ. ಸರಿ, ಸೆಟ್ ಒಳಗೆ ಅಷ್ಟು ನೊಣ ಎಲ್ಲಿಂದ ಬಂದ್ವು?

ಬಾಬ್‌ಕಟ್ ಅಲ್ಲೇ ಕೂತು ಕಾಲಿಗೆ ಬ್ಯಾಂಡೇಜ್ ಸುತ್ಕೊಳ್ತಿದ್ಲು. "ಮ್ಯಾನೇಜರೇ, ಆ ಕಾಳು ಇಲಿದಲ್ಲ ಅನ್ಸುತ್ತೆ. ಆ ಪೆಟ್ಟಿಗೇಲಿ ಮತ್ತೆ ಸಿಕ್ತು, ಒಂದು ಒಡೆದು ಖಾಲಿ ಇತ್ತು ನೋಡಿ" ಅಂತ ಎರಡು ಕೊಟ್ಲು. ಅವಳು ಅನುಮಾನಕ್ಕೇ ಎತ್ತಿಟ್ಕೊಂಡಿದ್ದಂತೆ. ಉದ್ದಜಡೆ ಮತ್ತೆ ತನ್ನ ಮೇಲೆ ಹೇಳಿದ್ರೆ ತೋರಿಸೋಕೆ.

ನಾನು ಅದನ್ನ ತಗೊಂಡು ಹೋಗಿ ಪರದೆ ಹೊರಗಿಂದ ಅಕ್ಕನಿಗೆ ತೋರಿಸ್ದೆ. ಅಕ್ಕ ಉಗುರಲ್ಲಿ ಒಂದನ್ನ ಅಮುಕಿದ್ರು. ಒಳಗೆ ರೆಕ್ಕೆ ಮಡಚ್ಕೊಂಡು ಬೆಳ್ಳಗೆ ಒಂದು ನೊಣ.

"ಎಲ್ಲಿ ಸಿಕ್ತು?"

"ದೆವ್ವದ ಪೆಟ್ಟಿಗೇಲಿ."

ಆಯಮ್ಮ ಮೊದಲ ಸಲ ಮುಂದಿನ ಭಾಗಕ್ಕೆ ಬಂದ್ರು. ಬಾಗಿಲಲ್ಲಿ ನಿಂತು ಮೇಲೆ ನೋಡಿದ್ರು. ಜೇಡರ ಬಲೆ. ಆಮೇಲೆ ಹಾರಗಳು. ಒಂದು ಗಡ್ಡೆ ಕಿತ್ತು ಬಟ್ಟೆ ಬಿಚ್ಚಿದ್ರು. ತೂತು ಗೂಡು ಕೈಗೆ ಬಿತ್ತು. ಬೆಳಕಿಗೆ ಹಿಡಿದು ಆ ತೂತಲ್ಲಿ ಒಂದು ಕಣ್ಣಿಟ್ಟು ನೋಡಿದ್ರು.

"ಉಜಿ ಹೊಕ್ಕ ಹುಳ ಕಟ್ಟಿದ ಗೂಡು ಇದು. ನೊಣದ ಮರಿ ಒಳಗಿರೋ ಹುಳಾನ ತಿಂದು, ಇಲ್ಲಿ ತೂತು ಮಾಡ್ಕೊಂಡು ಈಚೆ ಬರುತ್ತೆ. ಒಂದು ಈಚೆ ಬಂದ್ರೂ ಇನ್ನೊಂದೆರಡು ಒಳಗೇ ಉಳಿದಿರ್ತವೆ. ಬಿದ್ದ ಜಾಗದಲ್ಲಿ ಸಂದಿ ಸೇರ್ಕೊಂಡು ಹಿಂಗೆ ಕಾಳಾಗುತ್ತೆ. ಹತ್ತು ಹನ್ನೆರಡು ದಿನಕ್ಕೆ ನೊಣ." ಗಡ್ಡೆ ಕೆಳಗೆ ಹಾಕಿದ್ರು. "ಇಷ್ಟು ಸೀಮೆಯಲ್ಲಿ ಹುಳ ಸಾಕೋರ ಮನೆಗೆ ತೂತು ಗೂಡು ತರೋ ಮನುಷ್ಯ ಇಲ್ಲ. ಯಾರು ತಂದಿದ್ದು?"

ಮೇಷ್ಟ್ರು ಹೇಳಿದ್ರು. "ನಿಮ್ಮ ಮೈದುನಾನೇ ಕೊಟ್ರಲ್ಲಮ್ಮ."

ಅಕ್ಕ ಸೆರಗು ಸರಿ ಮಾಡ್ಕೊಂಡು ಹೊರಟುಹೋದ್ರು.

ಡೈರೆಕ್ಟರ್‌ಗೆ ಇನ್ನು ಎರಡು ದಿನದ ಕೆಲಸ ಬಾಕಿ ಇತ್ತು, ಕ್ಲೈಮ್ಯಾಕ್ಸ್ ಫೈಟು. ಇದನ್ನೆಲ್ಲ ಈಗ್ಲೇ ತೆಗೀಬೇಕು ಅಂತ ನಾನು ಹೇಳ್ದೆ.

"ಎರಡು ದಿನ ಅಡ್ಜಸ್ಟ್ ಮಾಡ್ಸು. ಆಮೇಲೆ ಬೇಕಾದ್ರೆ ಬೆಂಕಿ ಇಡು. ಮೊನ್ನೆ ಶಾಟಲ್ಲಿ ಬಲೆ ಇದೆ, ನಾಳೆ ಶಾಟಲ್ಲಿ ಇಲ್ಲ ಅಂದ್ರೆ ಜನ ನಗ್ತಾರೆ."

"ಸರ್, ಎರಡು ದಿನದಲ್ಲಿ ಆಯಮ್ಮನ ಬೆಳೆ ಹೋಗುತ್ತೆ."

"ಆಯಮ್ಮಂದು ಬೆಳೆ. ನಂದು ಪಿಚ್ಚರ್. ನಿನಗೆ ಕೆಲಸ ಕೊಟ್ಟಿರೋದು ಯಾರು?"

ನಾನು ವೀರ ಅಲ್ಲ. ಎಷ್ಟೋ ಹೊತ್ತು ವ್ಯಾನಿನ ಹಿಂದೆ ನಿಂತು ಯೋಚನೆ ಮಾಡ್ದೆ. ಅಕ್ಕನಿಗೆ ಕೊಟ್ಟ ಮಾತಿಗಿಂತ ಜಾಸ್ತಿ ನನ್ನ ತಲೆ ತಿಂದಿದ್ದು ಬೇರೆ. ದಿನಾ ಬಾಗಿಲಲ್ಲಿ ನಿಂತು ಇಡೀ ಯೂನಿಟ್ಟನ್ನ ಕಳ್ಳರ ಥರ ಮೂಸಿದ್ದೀನಿ. ಆ ಚೀಲ ಹೊತ್ಕೊಂಡು ಬಂದೋನನ್ನ ಮಾತ್ರ ಮೂಸಲಿಲ್ಲ. ಅವನು ಮನೆಯವನಲ್ವಾ.

ಮಾರನೇ ಬೆಳಗ್ಗೆ ಯೂನಿಟ್ ಇಡ್ಲಿ ತಿನ್ನೋಕೆ ಹೊಂಗೆ ಮರದ ಕೆಳಗೆ ಕೂತಾಗ ನಾನು ಏಣಿ ಹಾಕ್ಕೊಂಡು ಬಲೆ ಎಲ್ಲ ಕಿತ್ತೆ. ಹಾರ ಎಲ್ಲ ಕಿತ್ತೆ. ಮೇಷ್ಟ್ರು ಬಂದು ನೋಡಿದ್ರು. ತಾವು ಕೈಯಾರೆ ಹಬ್ಬಿಸಿದ್ದದು. ಕಣ್ಣಲ್ಲಿ ನೀರು ಬಂದಿತ್ತು ಅನ್ಸುತ್ತೆ, ಆದ್ರೆ ಚೀಲ ಬಾಯಿ ಬಿಡಿಸಿ ಹಿಡ್ಕೊಂಡ್ರು. ನೆಲದ ಬಿರುಕಿಗೆಲ್ಲ ಕುದಿಯೋ ನೀರು ಹುಯ್ದು ಸುಣ್ಣ ತುಂಬಿದ್ವಿ. ಗೋಡೆ ಮೇಲಿನ ಸಂದಿಗೆ ದೆವ್ವದ ಇನ್ನೊಂದು ಕಪ್ಪು ನಿಲುವಂಗಿ, ಕಿಟಕಿಗೆ ಬಡಿದು ಮಿಕ್ಕಿದ್ದ ಕಪ್ಪು ಬಟ್ಟೆ ಎಲ್ಲ ತುರುಕಿ ಮುಚ್ಚಿದ್ವಿ.

ಚೀಲಗಳನ್ನ ಅಲ್ಲೇ ಸುಡೋ ಹಂಗಿಲ್ಲ. ರೇಷ್ಮೆ ಸುಟ್ರೆ ಕೂದಲು ಸುಟ್ಟ ವಾಸನೆ, ಹುಳಕ್ಕೆ ಅದೂ ಆಗಲ್ಲ. ಬೇಯಿಸಬೇಕು. ಬೇಯಿಸೋಕೆ ದೊಡ್ಡ ಬಾಣಲಿ ಬೇಕು. ಬಾಣಲಿ ಎಲ್ಲಿತ್ತು? ಮೈದುನನ ಚರಕದಲ್ಲಿ. ವ್ಯಾನ್ ಡ್ರೈವರನ್ನ ಎಬ್ಬಿಸ್ಕೊಂಡು ಸೀದ ವಿಜಯಪುರಕ್ಕೇ ಹೋದೆ.

ಅವನು ನಗ್ತಾನೇ ಬಂದ. "ಏನ್ ಗುರು, ಪ್ರಸಾದ ವಾಪಸ್ ತಂದ್ಬಿಟ್ಟೆ?"

"ಬೇಯಿಸ್ಬೇಕು ಅಣ್ಣ. ಇದ್ರಲ್ಲಿ ಉಜಿ ಇತ್ತು."

"ಹೌದಾ."

ಅವನ ಅಂಗಳದಲ್ಲಿ ಗೂಡಿನ ರಾಶಿ. ರಾಶಿ ಕೆಳಗಿಂದ ಬೆಳ್ಳಗೆ ದಪ್ಪಗೆ ಹುಳ ತೆವಳಿ ಬರ್ತಿದ್ವು, ನಾಲ್ಕೈದು ಕೋಳಿ ಹೆಕ್ಕಿ ಹೆಕ್ಕಿ ತಿಂತಿದ್ವು. ಅವನು ಒಂದನ್ನ ಕಾಲ್ಬೆರಳಲ್ಲಿ ಕೋಳಿ ಕಡೆ ತಳ್ಳಿದ. ಅಭ್ಯಾಸ ಬಲ.

"ಅಣ್ಣ, ಇದು ಉಜಿ ಮರಿ ಅಲ್ವಾ?"

"ಹೂಂ. ಈ ಕೋಳಿಗಳಿಗೆ ದಿನಾ ಹಬ್ಬ."

"ಹಂಗಾದ್ರೆ ಆ ಚೀಲದಲ್ಲಿ ಇರುತ್ತೆ ಅಂತ ನಿಮಗೆ ಗೊತ್ತಿತ್ತು."

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ಕೈ ಬಿಸಿ ಇತ್ತು, ಬಾಣಲಿ ಪಕ್ಕ ನಿಂತಿದ್ದೋನು. "ನಾನು ನೂಲು ಬಿಚ್ಚೋನು ಕಣಪ್ಪ. ಗೂಡು ನೋಡ್ತೀನಿ, ಹುಳ ನೋಡಲ್ಲ. ನೀವು ಬೆಳ್ಳುಳ್ಳಿ ಇಲ್ಲ ಅಂತ ಅಳ್ತಿದ್ರಿ, ಕೊಟ್ಟೆ. ಒಳ್ಳೇದು ಮಾಡೋಕೆ ಹೋದ್ರೆ ಹಿಂಗೇನೆ."

ಅವನೇ ಒಲೆಗೆ ಸೌದೆ ಹಾಕಿದ. ಅವನೇ ಕೋಲಲ್ಲಿ ತಿರುವಿದ. ನಾನು ಅವನ ಮುಖಾನೇ ನೋಡ್ತಿದ್ದೆ. ಏನೂ ಸಿಗಲಿಲ್ಲ.

ವಾಪಸ್ ಬಂದಾಗ ಡೈರೆಕ್ಟರ್ ಯಾವ ಯಾವ ಭಾಷೇಲಿ ಬೈದ್ರು ಅಂತ ಬರೆಯಲ್ಲ. ಆ ಪಿಚ್ಚರಲ್ಲಿ ನನ್ನ ಕೆಲಸ ಅಲ್ಲಿಗೆ ಮುಗೀತು. ನಾನು ಊರು ಬಿಟ್ಟು ಹೋಗಲಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ಕಾಲು ತೊಳೆದು ನಿಂತೆ. ಒಳಗೆ ಅಕ್ಕ, ಪಕ್ಕದ ಮನೆ ಹೆಂಗಸರು ತಟ್ಟೆ ತಟ್ಟೆ ಇಳಿಸ್ಕೊಂಡು ಚುಕ್ಕೆ ಇರೋ ಹುಳ ಒಂದೊಂದೇ ಆರಿಸ್ತಿದ್ರು. ನನಗೂ ಒಂದು ತಟ್ಟೆ ಕೊಟ್ರು.

ಸ್ವಲ್ಪ ಹೊತ್ತಿಗೆ ಬಾಬ್‌ಕಟ್ ಬಂದ್ಲು. ಹಿಂದೇನೇ ಉದ್ದಜಡೆ, ದೆವ್ವದ ವೇಷದಲ್ಲೇ, ಬಾಯಲ್ಲಿ ಕೋರೆಹಲ್ಲು.

ಅಕ್ಕ ತಲೆ ಎತ್ತಿ ನೋಡಿದ್ರು. "ಹಲ್ಲು ಹೊರಗಿಟ್ಟು ಬಾ."

ಹಲ್ಲು ಸುಣ್ಣದ ಮಂಕರಿ ಪಕ್ಕ ಇಟ್ಟು ಬಂದ್ಲು. ಮೊದಲ ಹುಳಾನ ಎರಡು ಬೆರಳ ತುದೀಲಿ ಎತ್ತಿ ಮುಖ ಆ ಕಡೆ ತಿರುಗಿಸ್ಕೊಂಡ್ಲು. ಬಾಬ್‌ಕಟ್ ಅವಳ ತಟ್ಟೇಲಿ ಬಿಟ್ಟಿದ್ದನ್ನ ಆರಿಸಿ ತೋರಿಸಿದ್ಲು. "ನೋಡು, ಇದು ನಿನಗೆ ಕಾಣಲಿಲ್ಲ." "ನೀನು ನನ್ನ ತಟ್ಟೆ ಯಾಕೆ ನೋಡ್ತೀಯ?" ಅಂದ್ಲು ಅವಳು. ಸಂಜೆವರೆಗೂ ಹಿಂಗೇ ಒಬ್ಬಳ ತಟ್ಟೆ ಇನ್ನೊಬ್ಬಳು ತಪಾಸಣೆ ಮಾಡಿದ್ರು. ಒಂದು ಚುಕ್ಕೆಯೂ ತಪ್ಪಲಿಲ್ಲ ಅನ್ನಿ.

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹುಳ ಉಳಿದವು. ಮೇವು ಸಾಕಾಗಿ, ಹಣ್ಣಾಗಿ ಚಂದ್ರಿಕೆ ಹತ್ತಿದವು, ಸುರುಳಿ ಕಟ್ಟಿರೋ ಬಿದಿರಿನ ತಟ್ಟೆಗೆ ಚಂದ್ರಿಕೆ ಅಂತಾರೆ, ಅದರ ಮೇಲೆ ಗೂಡು ಕಟ್ಟುತ್ತೆ. ಗೂಡು ಮಾರ್ಕೆಟ್ಟಿಗೆ ಹೋದ ದಿನ ನಾನೂ ಇದ್ದೆ. ಮೈದುನ ಜಗಲಿ ಮೇಲೆ ಕೂತು, "ಅರ್ಧ ಬೆಳೇನೂ ಒಂದು ಬೆಳೇನಾ ಅಮ್ಮ?" ಅಂದ. ಮುದುಕಮ್ಮ ಎಲೆ ಅಡಿಕೆ ಉಗಿದು ಬಂದು, "ಗೂಡು ಗಾಡಿ ಹತ್ತಿದ್ದನ್ನ ನಾನು ಕಣ್ಣಾರೆ ನೋಡ್ದೆ. ಹುಳದ ಮನೆ ಇರ್ಲಿ" ಅಂದ್ರು. ಅಲ್ಲಿಗೆ ಮುಗೀತು.

ಬಸ್ಸಿಗೆ ಹೋಗೋವಾಗ ನಾನು ಅಕ್ಕನ್ನ ಕೇಳೇಬಿಟ್ಟೆ. "ಅಕ್ಕ, ನಿಮ್ಮ ಮೈದುನ ಗೊತ್ತಿದ್ದೇ ಮಾಡಿದ್ರಾ?"

"ಅದನ್ನ ನೀನು ಕೇಳ್ಬೇಡ, ನಾನು ಹೇಳಲ್ಲ. ನೀನು ಬಸ್ಸು ಹತ್ತಿ ಹೋಗ್ತೀಯ. ನಾನು ಸಂಜೆ ಅವನಿಗೆ ಮುದ್ದೆ ಇಕ್ಕಬೇಕು."

ಪಿಚ್ಚರ್ ಆಮೇಲೆ ಬಂತು. ವಿಜಯಪುರದ ಟಾಕೀಸಲ್ಲಿ ನೋಡ್ದೆ. ಬಂಗಲೆ ತುಂಬ ಜೇಡರ ಬಲೆ, ಬೆಳ್ಳುಳ್ಳಿ ಹಾರ, ಎಲ್ಲ ಚೆನ್ನಾಗಿದೆ. ಕ್ಲೈಮ್ಯಾಕ್ಸ್ ಬಂದ ತಕ್ಷಣ ಗೋಡೆ ಬೋಳು. ಬಾಬ್‌ಕಟ್ ಬರಿಗೈಯಲ್ಲಿ ದೆವ್ವಕ್ಕೆ ಬಾರಿಸ್ತಾಳೆ. ಹಿಂದಿನ ಬೆಂಚಿಂದ ಯಾರೋ ಕೂಗಿದ, "ಲೇ, ದೆವ್ವ ಹಬ್ಬಕ್ಕೆ ಮನೆ ಗುಡಿಸೈತೆ ಕಣ್ರೋ." ಟಾಕೀಸೆಲ್ಲ ನಕ್ತು. ಆ ಪಿಚ್ಚರಲ್ಲಿ ಜನ ಜೋರಾಗಿ ನಕ್ಕ ಜಾಗ ಅದೊಂದೇ. ನನ್ನ ಹೆಸರು ಮಾತ್ರ ಟೈಟಲ್ ಕಾರ್ಡಲ್ಲಿ ಇರ್ಲಿಲ್ಲ.

ಪಿಚ್ಚರ್ ಮುಗಿಸಿ ಅಕ್ಕನ ಮನೆಗೆ ಹೋದೆ. ಮುಂದಿನ ಭಾಗದಲ್ಲೂ ಹುಳ ಬಂದಿತ್ತು, ಗೋಡೆ ಮೇಲಿನ ಸಂದಿಗೆ ಇಟ್ಟಿಗೆ ಬಿದ್ದಿತ್ತು. ಮೂಲೇಲಿ ನೋಡ್ತೀನಿ, ದೆವ್ವದ ಪೆಟ್ಟಿಗೆ. ಶೂಟಿಂಗ್ ಮುಗಿದಾಗ ಮೇಷ್ಟ್ರು ಬಿಟ್ಟುಹೋಗಿದ್ರಂತೆ. ಅಕ್ಕ ಬಿಸಿಲಿಗೆ ಹಾಕಿ, ಬಿಸಿನೀರಲ್ಲಿ ತೊಳೆದು, ಒದ್ದೆ ಗೋಣಿ ಹಾಸಿ, ಹಿಪ್ಪುನೇರಳೆ ಸೊಪ್ಪು ತುಂಬಿಡ್ತಿದ್ರು. "ಒಳ್ಳೇ ಮರ. ಸೊಪ್ಪು ಬಾಡಲ್ಲ" ಅಂದ್ರು.

ಮುಚ್ಚಳಕ್ಕೆ ಚಿಲಕ ಹಾಕಿಸಿದ್ರು. ಚಿಲಕಕ್ಕೆ ಬೀಗ. ಬೀಗದ ಕೈ ಅವರ ತಾಳಿ ಸರದಲ್ಲಿ ನೇತಾಡ್ತಿತ್ತು.

"ಸೊಪ್ಪಿಗೂ ಬೀಗನಾ ಅಕ್ಕ?"

"ಇಲಿ ಕಾಟ."

ಹೊರಗೆ ಜಗಲಿ ಮೇಲೆ ಮೈದುನ ಊಟಕ್ಕೆ ಕೂತಿದ್ದ. "ಅತ್ತಿಗೆ, ಇನ್ನೊಂದು ಮುದ್ದೆ" ಅಂತ ಕೂಗಿದ. ಅಕ್ಕ ಬೀಗ ಒಂದು ಸಲ ಎಳೆದು ನೋಡಿ, "ಬಂದೆ ಕಣಪ್ಪಾ" ಅಂತ ಮುದ್ದೆ ತಗೊಂಡು ಹೋದ್ರು.

ಅವನು ಬೇಕಂತ ಮಾಡಿದ್ನೋ, ಅವನ ಕಣ್ಣಿಗೆ ನಿಜವಾಗ್ಲೂ ಗೂಡು ಮಾತ್ರ ಕಾಣ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮನೇಲೂ ಹಿಂಗೆ ಯಾರಿಗೂ ಹೇಳದೆ ಬಿದ್ದ ಬೀಗ ಒಂದಿದ್ರೆ, ಯಾವುದಕ್ಕೆ ಬಿತ್ತು, ಯಾಕೆ ಬಿತ್ತು ಅಂತ ಕೆಳಗೆ ಬರೀರಿ. ಹುಳ ಸಾಕಿದೋರು, ನೂಲು ಬಿಚ್ಚಿದೋರು ಇದ್ರೆ ನೀವಂತೂ ಬರೀಲೇಬೇಕು. ಚರಕದೋನಿಗೆ ತೂತು ಗೂಡಲ್ಲಿ ಏನಿರುತ್ತೆ ಅಂತ ಒಂದು ಕ್ಷಣ ಮರೆತು ಹೋಗೋದು ಸಾಧ್ಯನಾ? ನೀವು ಹೇಳಿದ್ರೆ ನಾನು ನಂಬ್ತೀನಿ.